ನೇಪಾಳ ಪ್ರವಾಸದ ನಡುವೆ ಎರಡು ವಾರ ಮನೆ ಕಟ್ಟುವ ಸೇವೆಗೆ ಹೋಗಬಹುದಾ? ಅರವತ್ತು ಸಾವಿರ ಕೇಳ್ತಿದ್ದಾರೆ

ನೀವು ಬರೆದದ್ದು ಇಷ್ಟು: ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸ, ಅಕ್ಟೋಬರಿನಲ್ಲಿ ಮೂರು ವಾರ ನೇಪಾಳ, ಅದರಲ್ಲಿ ಎರಡು ವಾರ ‘ಗೋರ್ಖಾ ಭೂಕಂಪ ಸಂತ್ರಸ್ತರಿಗೆ ಮನೆ ಕಟ್ಟುವ’ ಸ್ವಯಂಸೇವೆ. ಊಟ, ವಸತಿ ಸೇರಿ ಅರವತ್ತು ಸಾವಿರ ರೂಪಾಯಿ.

ಆ ದುಡ್ಡು ಕಟ್ಟಬೇಡಿ. ನೇಪಾಳಕ್ಕೆ ಬೇಕಾದರೆ ಖಂಡಿತ ಹೋಗಿ.

ನಾನು ವಿಜಯಪುರ ಕಡೆಯವನು, ಪುಣೆಯಲ್ಲಿ ಸೈಟ್ ಇಂಜಿನಿಯರ್. ಭೂಕಂಪದ ನಂತರ ನುವಾಕೋಟ್ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಅಲ್ಲಿಯದೇ ಒಂದು ಸಣ್ಣ ಸಂಸ್ಥೆಯ ಜೊತೆ ಕೆಲಸ ಮಾಡಿ ಬಂದಿದ್ದೇನೆ. ಆ ಅನುಭವದ ಮೇಲೆ ಹೇಳ್ತಿದ್ದೇನೆ.

ಮೊದಲು ತಾರೀಖು ನೋಡಿ. ಗೋರ್ಖಾ ಭೂಕಂಪ ಆಗಿದ್ದು 2015ರ ಏಪ್ರಿಲ್ 25ಕ್ಕೆ, 7.8 ತೀವ್ರತೆ. ಸತ್ತವರು ಸುಮಾರು ಒಂಬತ್ತು ಸಾವಿರ, ಪೂರ್ತಿ ಬಿದ್ದ ಮನೆಗಳು ಐದು ಲಕ್ಷದ ಹತ್ತಿರ. ಅವನ್ನು ಕಟ್ಟಿಸಲೆಂದೇ ಅಲ್ಲಿನ ಸರ್ಕಾರ ಒಂದು ಪುನರ್ನಿರ್ಮಾಣ ಪ್ರಾಧಿಕಾರ ಮಾಡಿತ್ತು. ಬಹುಪಾಲು ಮನೆಗಳು ಎದ್ದು ನಿಂತ ಮೇಲೆ 2021ರ ಡಿಸೆಂಬರಿನಲ್ಲಿ ಅದು ಬಾಗಿಲು ಹಾಕಿತು. ಹಾಗಿದ್ದ ಮೇಲೆ ಇವರು ಈಗ ಯಾರ ಮನೆ ಕಟ್ಟಿಸ್ತಿದ್ದಾರೆ? ಮನೆಯ ಯಜಮಾನರ ಹೆಸರೇನು, ಯಾವ ವಾರ್ಡು ಅಂತ ಒಂದು ಮೇಲ್ ಹಾಕಿ ಕೇಳಿ ನೋಡಿ. ನಿಜವಾಗಿ ಕೆಲಸ ಬೇಕಿರೋದು ಜಾಜರಕೋಟ್, ಪಶ್ಚಿಮ ರುಕುಮ್ ಕಡೆ. 2023ರ ನವೆಂಬರ್ 3ರ ರಾತ್ರಿ ಅಲ್ಲಿ ಭೂಕಂಪದಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಆದರೆ ಅದು ಕಾಠ್ಮಂಡುವಿನಿಂದ ಬಲು ದೂರದ ಗುಡ್ಡಗಾಡು. ವಾರಾಂತ್ಯಕ್ಕೆ ಪೋಖರಾ ಸುತ್ತಿಸೋ ಪ್ಯಾಕೇಜಿಗೆ ಹೊಂದಿಕೊಳ್ಳಲ್ಲ.

ಇನ್ನು ನೀವು ಹೇಳಿದ ಅಕ್ಟೋಬರ್. ನಮ್ಮ ನವರಾತ್ರಿಯ ಹೊತ್ತಿಗೇ ಅಲ್ಲಿ ದಶೈಂ, ಅದರ ಬೆನ್ನಿಗೆ ನಮ್ಮ ದೀಪಾವಳಿಯ ಹೊತ್ತಿಗೆ ತಿಹಾರ್, ಜೊತೆಗೆ ಭತ್ತದ ಕೊಯ್ಲು. ಗೌಂಡಿಗಳು, ಅಂದರೆ ಗಾರೆ ಕೆಲಸದವರು, ಊರಿಗೆ ಹೋಗಿರ್ತಾರೆ. ದೀಪಾವಳಿಗೆ ಪುಣೆಯ ಸೈಟಿನಲ್ಲಿ ಎಷ್ಟು ಜನ ಸಿಗ್ತಾರೋ ಅಲ್ಲೂ ಅಷ್ಟೇ. ಆ ತಿಂಗಳಲ್ಲೂ ‘ಪ್ರತಿದಿನ ಕಟ್ಟಡ ಕೆಲಸ’ ಅಂತ ಬರೆದುಕೊಂಡವರು ನಿಮಗೋಸ್ಕರ ಕೆಲಸ ಹುಟ್ಟಿಸ್ತಿದ್ದಾರೆ ಅಂತಲೇ ನನ್ನ ಅನುಮಾನ.

ಹಳ್ಳಿಗಳಲ್ಲಿ ಆಳು ಸಾಕಷ್ಟಿದ್ದಾರೆ, ಹೊರಗಿನವರು ಹೋಗಿ ಅವರ ಕೂಲಿ ಕಸೀತಾರೆ ಅಂತ ಕೆಲವರು ಬರೀತಾರೆ. ನೇಪಾಳದ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ದುಡಿಯೋ ವಯಸ್ಸಿನ ಗಂಡಸರು ಎಷ್ಟೋ ಜನ ಕತಾರ್, ಸೌದಿ, ಮಲೇಷ್ಯಾದಲ್ಲಿದ್ದಾರೆ. ಅದಕ್ಕೇ ಭೂಕಂಪದ ನಂತರ ಹೆಂಗಸರಿಗೂ ಗೌಂಡಿ ತರಬೇತಿ ಕೊಟ್ಟರು. ಕೊರತೆ ಇದ್ದದ್ದು ಪಳಗಿದ ಕೈಗಳಿಗೆ, ಅದು ಎರಡು ವಾರದಲ್ಲಿ ಬರೋದಲ್ಲ.

ಅಲ್ಲಿನ ಹಳೇ ಗೋಡೆಗಳ ರೋಗವೂ ನಮ್ಮ ಕಿಲ್ಲಾರಿಯದ್ದೇ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪವಾದಾಗ ಮಹಾರಾಷ್ಟ್ರದ ಲಾತೂರಿನ ಆ ಭಾಗದಲ್ಲಿ ಜನ ಸತ್ತದ್ದು ದಪ್ಪ ಕಲ್ಲಿನ ಗೋಡೆಗಳ ಅಡಿಯಲ್ಲಿ. ಹೊರಮೈ ಒಂದು ಸಾಲು, ಒಳಮೈ ಒಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಹಿಡಿದಿಡೋ ಕಲ್ಲು ಇಲ್ಲದಿದ್ದರೆ, ನೆಲ ಅಲುಗಿದಾಗ ಒಂದು ಸಾಲು ಅಂಗಳಕ್ಕೆ, ಇನ್ನೊಂದು ಮಲಗಿದವರ ಮೇಲೆ. ಹಾಗಾಗಿ ಎರಡಡಿ ಎತ್ತರಕ್ಕೊಮ್ಮೆ, ನಾಲ್ಕಡಿಗೆ ಮೀರದ ಅಂತರದಲ್ಲಿ ಗೋಡೆಯ ಆರ್‌ಪಾರ್ ಹಾಯುವ ಉದ್ದಗಲ್ಲು ಇಡಬೇಕು. ಕಿಟಕಿ ಕೆಳಗೆ, ಬಾಗಿಲು-ಕಿಟಕಿಯ ಮೇಲಿನ ಲಿಂಟಲ್ ಮಟ್ಟಕ್ಕೆ, ಸೂರಿನ ಮಟ್ಟಕ್ಕೆ ಮನೆ ಸುತ್ತ ಬೆಲ್ಟ್, ಅಂದರೆ ಗೋಡೆಗಳನ್ನು ಒಟ್ಟಿಗೆ ಹಿಡಿದಿಡೋ ಪಟ್ಟಿ, ಕಟ್ಟಬೇಕು.

ನುವಾಕೋಟ್‌ನಲ್ಲಿ ನಾನಿದ್ದ ಸೈಟಿಗೆ ಯುರೋಪಿನ ಹುಡುಗನೊಬ್ಬ ಬಂದಿದ್ದ. ಬಲು ಉತ್ಸಾಹ. ಕಲ್ಲಿನ ಚಪ್ಪಟೆ ಮುಖ ಹೊರಗೆ ಚೆಂದ ಕಾಣಲಿ ಅಂತ ಅದನ್ನು ನಿಲ್ಲಿಸಿ ಕೂರಿಸಿದ. ತರಬೇತಿ ಪಡೆದ ಗೌಂಡಿ ಹೆಂಗಸು ಅದನ್ನು ಎರಡೇ ಬೆರಳಲ್ಲಿ ಈಚೆಗೆ ಎಳೆದು ಕೆಡವಿ, ಅದೇ ಕಲ್ಲನ್ನು ಅಡ್ಡ ಮಲಗಿಸಿ, ಸುತ್ತಿಗೆಯಿಂದ ಎರಡು ಏಟು ಹಾಕಿ ಸದ್ದು ಕೇಳಿದಳು. ಅಡಿಗೆ ಒಂದು ಸಣ್ಣ ಚಕ್ಕೆ ತುರುಕಿ ಮತ್ತೆ ತಟ್ಟಿದಳು. ಆಮೇಲೆ ಅವನನ್ನು ನೋಡಿ ನಕ್ಕು ಖಾಲಿ ಕೊಡ ಕೈಗೆ ಕೊಟ್ಟಳು.

ಆಕೆಗೆ ಅಷ್ಟು ಕಾಳಜಿ ಯಾಕೆ ಅಂದರೆ, ಮನೆ ಕಟ್ಟೋಕೆ ಸರ್ಕಾರ ಕೊಡ್ತಿದ್ದ ಮೂರು ಲಕ್ಷ ನೇಪಾಳಿ ರೂಪಾಯಿ ಒಂದೇ ಸಲ ಬರ್ತಿರಲಿಲ್ಲ. ಒಪ್ಪಂದಕ್ಕೆ ಐವತ್ತು ಸಾವಿರ, ಪಾಯ ಸರಿಯಿದ್ದರೆ ಒಂದೂವರೆ ಲಕ್ಷ, ಗೋಡೆ ಸರಿಯಿದ್ದರೆ ಉಳಿದ ಒಂದು ಲಕ್ಷ. ಪ್ರತಿ ಹಂತಕ್ಕೂ ಇಂಜಿನಿಯರ್ ಬಂದು ನೋಡಬೇಕು. ಪ್ರವಾಸಿಗರು ಹವ್ಯಾಸಕ್ಕೆ ಕಟ್ಟಿದ ಗೋಡೆ ಪರೀಕ್ಷೆಯಲ್ಲಿ ಬಿದ್ದರೆ ಮುಂದಿನ ಕಂತು ನಿಲ್ಲೋದು ಮನೆಯವರದ್ದು. ನೀವು ಅಷ್ಟೊತ್ತಿಗೆ ಪುಣೆಗೆ ಬಂದು ಫೋಟೋ ಹಾಕಿರ್ತೀರಿ.

ಹಾಗಾದರೆ ನೀವು ಏನು ಮಾಡಬಹುದು? ನೀರು ಹೊರಬಹುದು. ತಮಾಷೆಯಲ್ಲ. ಬೆಲ್ಟಿನ ಕಾಂಕ್ರೀಟಿಗೆ ಕಡಿಮೆಯೆಂದರೂ ವಾರ ನೀರುಣಿಸಬೇಕು. ಗುಡ್ಡದೂರಲ್ಲಿ ನೀರಿನ ಸೆಲೆ ಕೆಳಗೆ, ಮನೆ ಮೇಲೆ. ಅಲ್ಲಿ ಮೊದಲು ತಪ್ಪಿಹೋಗೋ ಕೆಲಸವೇ ಕ್ಯೂರಿಂಗ್. ಬೆಳಿಗ್ಗೆ ಸಂಜೆ ಗೋಣಿತಾಟು ಒದ್ದೆ ಮಾಡೋರು ಒಬ್ಬರಿದ್ದರೆ ಗೌಂಡಿಗೆ ಎಷ್ಟೋ ನಿರಾಳ. ಇಲ್ಲವೇ ನಿಮ್ಮ ಕಸುಬನ್ನೇ ಒಯ್ಯಿರಿ: ಸಂಸ್ಥೆಗಳಲ್ಲಿ ಕಂತಿನ ಲೆಕ್ಕ, ಮನೆವಾರು ಫೋಟೋ, ಅರ್ಜಿಗಳ ಗೋಜಲು ಇದ್ದೇ ಇರುತ್ತೆ. ಎಕ್ಸೆಲ್ ಬಲ್ಲವರಿಗೆ ಅಲ್ಲಿ ಮರ್ಯಾದೆ ಜಾಸ್ತಿ!

ಹುಡುಕೋದಾದರೆ ‘ವರ್ಕ್‌ಕ್ಯಾಂಪ್’, ಅಂದರೆ ಸ್ವಯಂಸೇವಕರ ಶ್ರಮದಾನ ಶಿಬಿರ, ಅಂತ ಹುಡುಕಿ. ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಊರೊಂದರಲ್ಲಿ 1920ರಲ್ಲಿ ಶುರು ಮಾಡಿದ ಪದ್ಧತಿ ಇದು. 1934ರ ಭೂಕಂಪ ಬಿಹಾರ, ನೇಪಾಳ ಎರಡನ್ನೂ ಕೆಡವಿದಾಗ ಆತ ಬಿಹಾರಕ್ಕೂ ಬಂದು ಕೆಲಸ ಮಾಡಿದ. ಅವನ ‘ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್’ ಈಗಲೂ ಇದೆ. ದಾರಿ ಖರ್ಚು ನಿಮ್ಮದು, ಶುಲ್ಕ ಅಲ್ಪ, ಊಟ ಮತ್ತು ಮಲಗೋ ಜಾಗ ಕರೆದವರದ್ದು. ನೇಪಾಳದ ಯಾವುದೇ ಸಂಸ್ಥೆಯಾದರೂ ಅಲ್ಲಿನ ಸಮಾಜ ಕಲ್ಯಾಣ ಪರಿಷತ್ತಿನ ನಂಟಿದೆಯಾ, ವಾರ್ಡ್ ಕಚೇರಿಗೆ ಗೊತ್ತಾ ಅಂತ ಕೇಳಿ. ‘ಬೆಳಿಗ್ಗೆ ಮನೆ ಕಟ್ಟಿ, ಸಂಜೆ ಅನಾಥಾಲಯದ ಮಕ್ಕಳ ಜೊತೆ ಆಟ’ ಅಂತಿದ್ದರೆ ಅಲ್ಲಿಗೇ ಮುಗಿಸಿ. ಅಂಥ ಕಡೆ ಅಪ್ಪ ಅಮ್ಮ ಇರೋ ಮಕ್ಕಳನ್ನೇ ತಂದಿಟ್ಟುಕೊಂಡ ಪ್ರಕರಣಗಳು ನೇಪಾಳದಲ್ಲಿ ಬೇಕಾದಷ್ಟು ಬಯಲಾಗಿವೆ.

ಹೊರಡೋ ಮೊದಲು ಒಂದೆರಡು ಭಾನುವಾರ ಇಲ್ಲೇ ಯಾವುದಾದರೂ ಸೈಟಿಗೆ ಹೋಗಿ ನಿಲ್ಲಿ. ಪುಣೆಯಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಗೌಂಡಿಗಳಿಗೇನು ಬರ, ಭಾಷೆಯ ತೊಡಕೂ ಇಲ್ಲ. ನಮ್ಮ ಸೈಟಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ಊರಿನ ಗೌಂಡಿ ಕಾಕಾ ಹೊಸಬರಿಗೆ ಹೇಳೋದು ಒಂದೇ: “ಮೊದಲ ಘಮೇಲಾ ಹೊರ್ರಿ, ಕರಣಿ ಆಮ್ಯಾಲ ನೋಡೂಣು.” ಘಮೇಲಾ ಅಂದರೆ ಗಾರೆ ಹೊರೋ ಬುಟ್ಟಿ, ಕರಣಿ ಅಂದರೆ ಗಾರೆ ಹಚ್ಚೋ ಸಲಕರಣೆ. ಹಸಿ ಸಿಮೆಂಟಿಗೆ ಬರಿಗೈ ಹಾಕಿದರೆ ಒಂದೇ ದಿನಕ್ಕೆ ಬೆರಳ ತುದಿ ತೂತು ಬೀಳುತ್ತೆ, ಕಾಕಾನಿಗೆ ಕೊಬ್ಬರಿ ಎಣ್ಣೆ ಸಾಕು, ನಿಮಗೆ ರಬ್ಬರ್ ಗ್ಲೌಸ್ ಬೇಕು. ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಳ್ಳಿ. ಪ್ರವಾಸ ವಿಮೆಯ ಷರತ್ತು ಓದಿ: ಮೈಮುರಿಯೋ ಕೆಲಸದಲ್ಲಾದ ಪೆಟ್ಟಿಗೆ ಹಲವು ಪಾಲಿಸಿಗಳು ಬಿಡಿಗಾಸು ಕೊಡಲ್ಲ.

ವೀಸಾ ನಮಗೆ ನೇಪಾಳಕ್ಕೆ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಸಾಕು; ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಮುಂದೆ ಬೇರೆ ದೇಶಕ್ಕೆ ಇಂಥ ಯೋಚನೆ ಮಾಡಿದರೆ ಮಾತ್ರ ವೀಸಾ ನಿಯಮ ಮೊದಲೇ ನೋಡಿ. ಬ್ರಿಟನ್ ಸಂದರ್ಶಕ ವೀಸಾದಲ್ಲಿ ನೋಂದಾಯಿತ ದತ್ತಿ ಸಂಸ್ಥೆಗೆ 30 ದಿನದವರೆಗೆ ಸ್ವಯಂಸೇವೆಗೆ ಬಿಡುತ್ತೆ, ಎಷ್ಟೋ ದೇಶಗಳು ಸಂಬಳ ಇಲ್ಲದಿದ್ದರೂ ಅದನ್ನು ಕೆಲಸ ಅಂತಲೇ ಲೆಕ್ಕ ಹಿಡೀತಾವೆ. ದಿನಾಂಕ ಬದಲಿಸೋಕೆ ಆಗೋದಾದರೆ ತಿಹಾರ್ ಮುಗಿದ ಮೇಲೆ, ನವೆಂಬರ್ ಕೊನೆಗೆ ಹೊರಡಿ.