ಗೇಜ್ ಸುಳ್ಳು ಹೇಳಲಿ, ಆದರೆ ದಿನಾ ಒಂದೇ ಸುಳ್ಳು ಹೇಳಲಿ

ಅಣ್ಣ, ಬೈಕಿನ ಪೆಟ್ರೋಲ್ ಗೇಜ್ ಬಗ್ಗೆ ನೀವು ಕೇಳಿದ ಪ್ರಶ್ನೆ ಓದಿದೆ. ಶಿರಸಿಯಲ್ಲಿ ಹೊರಡುವಾಗ ಗೇಜಿನಲ್ಲಿ ಮೂರು ಕಡ್ಡಿ, ದೇವಿಮನೆ ಘಟ್ಟ ಇಳಿಯುವಾಗ ಒಂದೇ ಕಡ್ಡಿ ಅದೂ ಮಿಣುಕುತ್ತದೆ, ಕುಮಟಾದಲ್ಲಿ ಚಾ ಕುಡಿದು ಬಂದು ಕೀ ತಿರುಗಿಸಿದರೆ ಮತ್ತೆ ಎರಡು ಕಡ್ಡಿ. ಸರ್ವಿಸ್‌ನವರು "ಎಲ್ಲಾ ಗಾಡಿಯೂ ಹೀಗೇ" ಎಂದು ಕಳಿಸಿದ್ದಾರೆ. ಗುಂಪಿನಲ್ಲಿ ನನಗಿಂತ ಮೊದಲು ಉತ್ತರ ಬರೆದ ಒಬ್ಬರು ಮೀಟರನ್ನೇ ಬದಲಿಸಿ ಅಂದಿದ್ದಾರೆ, ಇನ್ನೊಬ್ಬರು ಬಾಟಲಿಯಲ್ಲಿ ಪೆಟ್ರೋಲ್ ಇಟ್ಟುಕೊಳ್ಳಿ ಅಂದಿದ್ದಾರೆ. ಎರಡನ್ನೂ ಈಗಲೇ ಮಾಡಬೇಡಿ. ನೀವು ಬರೆದದ್ದು ನೋಡಿದರೆ ಮೀಟರ್ ಕೆಟ್ಟ ಹಾಗೆ ಕಾಣುವುದಿಲ್ಲ.

ಟ್ಯಾಂಕಿನ ಒಳಗೆ ಇರುವುದು ಇಷ್ಟೇ. ಮನೆಯ ನೀರಿನ ಟಾಕಿಯಲ್ಲಿ ಇರುವ ಹಾಗೆ ಒಂದು ಫ್ಲೋಟ್, ಅದಕ್ಕೊಂದು ತಂತಿಯ ತೋಳು. ತೋಳಿನ ತುದಿ ಒಂದು ರೆಸಿಸ್ಟರ್ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಪೆಟ್ರೋಲ್ ಇಳಿದ ಹಾಗೆ ಓಮ್ (ವಿದ್ಯುತ್ ತಡೆಯ ಅಳತೆ) ಬದಲಾಗುತ್ತದೆ, ಮೀಟರ್ ಅದನ್ನು ಓದಿ ಕಡ್ಡಿ ತೋರಿಸುತ್ತದೆ. ಆದರೆ ಮನೆಯ ಟಾಕಿ ಒಂದು ಕಡೆ ಸುಮ್ನೆ ಕೂತಿರುತ್ತದೆ, ಬೈಕಿನ ಟ್ಯಾಂಕ್ ಹಾಗಲ್ಲ. ಫ್ರೇಮ್ ಹಾದುಹೋಗಲು ಅದರ ಹೊಟ್ಟೆಯನ್ನು ನಡುವೆ ಮೇಲಕ್ಕೆ ಒತ್ತಿರುತ್ತಾರೆ, ಹಾಗಾಗಿ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಹೊಂಡ. ಮೇಲೆ ಅಗಲ, ಕೆಳಗೆ ಸಪೂರ. ಫ್ಲೋಟ್ ಇರುವುದು ಒಂದೇ ಕಡೆ. ಅದಲ್ಲದೆ, ಟ್ಯಾಂಕ್ ತುಂಬಿದಾಗ ಫ್ಲೋಟ್ ಚಾವಣಿ ತಾಗಿ ಅಲ್ಲೇ ನಿಂತಿರುತ್ತದೆ, ಒಂದೆರಡು ಲೀಟರ್ ಖರ್ಚಾಗುವವರೆಗೆ ಕದಲುವುದೇ ಇಲ್ಲ. ಅದಕ್ಕೇ ಮೊದಲ ನೂರು ಕಿಲೋಮೀಟರ್ "ಫುಲ್" ಎಂದು ತೋರಿಸಿ ಖುಷಿಪಡಿಸುತ್ತದೆ, ಅರ್ಧ ದಾಟಿದ ಮೇಲೆ ದಡದಡ ಎಂದು ಇಳಿಯುತ್ತದೆ.

ಈಗ ನಿಮ್ಮ ಘಟ್ಟದ ಕತೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಕುಮಟಾ ಕಡಲ ದಂಡೆಯಲ್ಲೇ ಇದೆ. ಇಳಿಯುವಾಗ ಗಾಡಿ ಮೂತಿ ಕೆಳಗೆ ಮಾಡಿರುತ್ತದೆ, ಪೆಟ್ರೋಲ್ ಮುಂದಕ್ಕೆ ಜಾರುತ್ತದೆ. ನಿಮ್ಮ ಗಾಡಿಯ ಫ್ಲೋಟ್ ಟ್ಯಾಂಕಿನ ಹಿಂಭಾಗದಲ್ಲಿ ಇರಬೇಕು, ಅದಕ್ಕೆ ಅಲ್ಲಿ ಪೆಟ್ರೋಲ್ ಇಲ್ಲದಂತೆ ಕಂಡಿದೆ. ಕುಮಟಾದ ಸಪಾಟು ರಸ್ತೆಗೆ ಬಂದ ಮೇಲೆ ಎರಡು ಕಡ್ಡಿ ವಾಪಸ್. ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಗಾಬರಿ ಆಗಬೇಕಾದ್ದು ವಾಪಸ್ ಹತ್ತುವಾಗ. ಆಗ ಪೆಟ್ರೋಲ್ ಹಿಂದಕ್ಕೆ ಬಂದು ಫ್ಲೋಟನ್ನು ಎತ್ತುತ್ತದೆ, ಗೇಜ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಮತ್ತು ಪೆಟ್ರೋಲ್ ಜಾಸ್ತಿ ಕುಡಿಯುವುದೂ ಅದೇ ಹೊತ್ತಿನಲ್ಲಿ! ಇಳಿಯುವಾಗ ಹೆದರಿಸುವ ಗೇಜ್ ಹತ್ತುವಾಗ ಧೈರ್ಯ ಹೇಳುತ್ತದೆ. ಆ ಧೈರ್ಯ ನಂಬಬೇಡಿ.

ಸೈಡ್ ಸ್ಟ್ಯಾಂಡ್‌ದೂ ಇದೇ ಕತೆ. ಗಾಡಿ ಎಡಕ್ಕೆ ವಾಲಿದಾಗ ಕೀ ಆನ್ ಮಾಡಿದರೆ ಬರುವ ಲೆಕ್ಕ ಬೇರೆ, ನೆಟ್ಟಗೆ ನಿಲ್ಲಿಸಿದರೆ ಬೇರೆ. ಕುಲುಕಾಟಕ್ಕೆ ಕಡ್ಡಿ ಕುಣಿಯಬಾರದು ಎಂದು ಮೀಟರ್ ಸ್ವಲ್ಪ ಹೊತ್ತಿನ ಸರಾಸರಿ ನೋಡಿ ನಿಧಾನಕ್ಕೆ ಬದಲಾಯಿಸುತ್ತದೆ, ಹಾಗಾಗಿ ವಾಲಿಸಿ ಕೀ ಹಾಕಿದಾಗ ಬಂದ ತಪ್ಪು ಲೆಕ್ಕ ಹೊರಟ ಮೇಲೂ ಕೆಲವು ನಿಮಿಷ ಹಾಗೇ ಕೂತಿರಬಹುದು. ಗಾಡಿಯನ್ನು ನೆಟ್ಟಗೆ ಎತ್ತಿ ಹಿಡಿದು ಆಮೇಲೆ ಕೀ ತಿರುಗಿಸಿ. "ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ" ಎಂದು ತೋರಿಸುವ ಮೀಟರ್ ಇದ್ದವರೂ ಕೇಳಿ. ಅದು ಇದೇ ಫ್ಲೋಟಿನ ಲೆಕ್ಕವನ್ನು ನೀವು ಈಗಷ್ಟೇ ಓಡಿಸಿದ ಮೈಲೇಜಿಗೆ ಗುಣಿಸುತ್ತದೆ. ಘಟ್ಟ ಇಳಿದು ಬಂದ ಗಾಡಿಗೆ ಸಿಕ್ಕ ಮೈಲೇಜ್ ನಂಬಿ ಕಾರವಾರದವರೆಗೆ ಹೋಗುತ್ತೇನೆ ಅಂದರೆ ಕಷ್ಟ. (ಪೆಟ್ರೋಲ್ ಉಳಿಸಲು ಘಟ್ಟದಲ್ಲಿ ನ್ಯೂಟ್ರಲ್ ಮಾಡಿ ಇಳಿಯುವವರು ಈ ಗುಂಪಿನಲ್ಲೂ ಇದ್ದಾರೆ. ದಯವಿಟ್ಟು ಬಿಡಿ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಹೆಚ್ಚುಕಡಿಮೆ ಬಂದ್ ಆಗಿಯೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಬೇಕು, ಜೊತೆಗೆ ಇಂಜಿನ್ ಬ್ರೇಕೂ ಸಿಗುವುದಿಲ್ಲ.)

ಹಾಗಾದರೆ ಯಾವ ಗೇಜ್ ರಿಪೇರಿ ಮಾಡಿಸಬೇಕು, ಯಾವುದರ ಜೊತೆ ಹೊಂದಿಕೊಂಡು ಹೋಗಬೇಕು? ನನ್ನ ಲೆಕ್ಕ ಸರಳ. ಅದೇ ಜಾಗದಲ್ಲಿ, ಅದೇ ಪೆಟ್ರೋಲಿಗೆ, ಪ್ರತಿ ಸಲ ಒಂದೇ ಥರ ತಪ್ಪು ತೋರಿಸಿದರೆ ಅದು ಟ್ಯಾಂಕಿನ ಆಕಾರದ ತಪ್ಪು. ಕಲಿತುಕೊಂಡರೆ ಆಯಿತು. ಸಪಾಟು ರಸ್ತೆಯಲ್ಲಿ, ಗಾಡಿ ನೆಟ್ಟಗೆ ಇರುವಾಗಲೂ ಒಮ್ಮೆ ನಾಲ್ಕು ಒಮ್ಮೆ ಸೊನ್ನೆ ಎಂದು ಹಾರಾಡಿದರೆ ಅದು ನಿಜವಾದ ದೋಷ.

ಕಲಿಯುವುದು ಹೇಗೆ ಅಂದರೆ ಟ್ರಿಪ್ ಮೀಟರ್ ಮತ್ತು ಬಂಕಿನ ಬಿಲ್. ಬೇರೇನೂ ಬೇಡ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಫುಲ್ ಮಾಡಿಸಿ. ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ, ಇಲ್ಲದಿದ್ದರೆ ನೀವೇ ಕೂತು ಹಿಡಿಯಿರಿ. ಫುಲ್ ಅಂದರೆ ಮುಚ್ಚಳದವರೆಗೆ ಅಲ್ಲ, ಒಳಗೆ ಕಾಣುವ ಕೊರಳಿನ ಕೆಳ ಅಂಚಿನವರೆಗೆ. ಅದಕ್ಕಿಂತ ಮೇಲೆ ತುಂಬಿದರೆ ಈಗಿನ ಗಾಡಿಗಳಲ್ಲಿ ಹೆಚ್ಚಾದದ್ದು ಪೆಟ್ರೋಲ್ ಆವಿ ಹಿಡಿದಿಡುವ ಕಾರ್ಬನ್ ಕ್ಯಾನಿಸ್ಟರಿಗೆ ಹೋಗಿ ಅದು ಹಾಳಾಗುತ್ತದೆ, ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗವೂ ಇರುವುದಿಲ್ಲ. ಟ್ರಿಪ್ ಸೊನ್ನೆ ಮಾಡಿ. ಆಮೇಲೆ ಒಂದೊಂದು ಕಡ್ಡಿ ಹೋದಾಗಲೂ ಟ್ರಿಪ್ಪಿನಲ್ಲಿ ಎಷ್ಟು ಎಂದು ಮೊಬೈಲಿನಲ್ಲಿ ಬರೆದಿಡಿ. ಎಚ್ಚರಿಕೆ ದೀಪ ಹತ್ತಿದ ಮೇಲೆ ಹತ್ತಿರದ ಬಂಕಿಗೆ ಹೋಗಿ ಅದೇ ಅಂಚಿಗೆ ತುಂಬಿಸಿ. ಬಿಲ್ಲಿನಲ್ಲಿ ಎಷ್ಟು ಲೀಟರ್ ಬಂತು ನೋಡಿ.

ಇಲ್ಲೇ ಮಜಾ ಇರುವುದು. ನಿಮ್ಮದು 15 ಲೀಟರ್ ಟ್ಯಾಂಕ್ ಅಂದಿದ್ದೀರಿ. 12.2 ಲೀಟರ್ ಹಿಡಿಸಿತು ಅಂದುಕೊಳ್ಳಿ, ಅಂದರೆ ಒಳಗೆ 2.8 ಉಳಿದಿತ್ತು. ತಳದಲ್ಲಿ ಪಂಪಿಗೆ ಸಿಗದೆ ಉಳಿಯುವುದಕ್ಕೆ ಅರ್ಧ ಲೀಟರ್ ಕಳೆಯಿರಿ. 2.3 ಲೀಟರ್, ನಿಮ್ಮ ಕೆಟ್ಟ ಮೈಲೇಜ್ 28 ಆದರೆ 64 ಕಿಲೋಮೀಟರ್. ದೀಪ ಹತ್ತಿದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಅಷ್ಟು. ಗಾಡಿಯನ್ನು ರಸ್ತೆ ಮಧ್ಯೆ ಒಣಗಿಸದೆ ಇದು ಗೊತ್ತಾಗುತ್ತದೆ. ಇಂಜೆಕ್ಷನ್ ಗಾಡಿಯನ್ನು ಪೂರ್ತಿ ಖಾಲಿ ಮಾಡಿ "ಟೆಸ್ಟ್" ಮಾಡುವುದು ಬೇಡವೇ ಬೇಡ, ಟ್ಯಾಂಕಿನ ಒಳಗಿನ ಪಂಪ್ ತಣ್ಣಗಿರುವುದು ಅದೇ ಪೆಟ್ರೋಲಿನಿಂದ. ಹಳೆಯ ಕಾರ್ಬುರೇಟರ್ ಗಾಡಿಯವರಿಗೆ ರಿಸರ್ವ್ ಕಾಕ್ ಇತ್ತು, ಗಾಡಿ ಕೆಮ್ಮಿದರೆ ತಿರುಗಿಸಿ ಹೊರಡುತ್ತಿದ್ದರು. ಆ ಸುಖ ಈಗ ಇಲ್ಲ.

ಅಂದ ಹಾಗೆ ದೀಪವೂ ಕೆಲವು ಗಾಡಿಗಳಲ್ಲಿ ಗೇಜಿಗಿಂತ ನಂಬಿಕಸ್ಥ. ಅದಕ್ಕೆ ಬೇರೆಯೇ ಥರ್ಮಿಸ್ಟರ್, ಅಂದರೆ ಬಿಸಿ ಗುರುತಿಸುವ ಸಣ್ಣ ಸೆನ್ಸರ್ ಇರುತ್ತದೆ. ಪೆಟ್ರೋಲಿನಲ್ಲಿ ಮುಳುಗಿರುವಾಗ ತಣ್ಣಗಿರುತ್ತದೆ, ಹೊರಬಂದರೆ ಬಿಸಿಯಾಗಿ ದೀಪ ಹತ್ತಿಸುತ್ತದೆ. ಇನ್ನು ಕೆಲವದರಲ್ಲಿ ದೀಪವೂ ಅದೇ ಫ್ಲೋಟಿನ ಮಾತನ್ನೇ ಕೇಳುತ್ತದೆ. ನಿಮ್ಮದು ಯಾವುದು ಎಂದು ಎರಡು ಮೂರು ಬಿಲ್ ನೋಡಿದರೆ ತಿಳಿಯುತ್ತದೆ. ಪ್ರತಿ ಸಲ ಹತ್ತಿರ ಹತ್ತಿರ ಅಷ್ಟೇ ಲೀಟರ್ ಹಿಡಿಸಿದರೆ ದೀಪ ನಂಬಬಹುದು.

ಮೈಲೇಜ್ ಲೆಕ್ಕಕ್ಕೆ ಸರಾಸರಿ ಹಿಡಿಯಬೇಡಿ, ಕೆಟ್ಟದ್ದನ್ನು ಹಿಡಿಯಿರಿ. ಹಿಂದಿನ ಸೀಟಿನಲ್ಲಿ ಒಬ್ಬರು, ಎರಡೂ ಕಡೆ ಪೆಟ್ಟಿಗೆ, ಎದುರು ಗಾಳಿ, ಮಳೆ, ಅರಬೈಲ್ ಘಟ್ಟ ಹತ್ತುವಾಗ ಮುಂದೆ ಸಾಲು ಲಾರಿ, ಎರಡನೇ ಗೇರು. ಆ ದಿನ ಎಷ್ಟು ಕೊಟ್ಟಿತೋ ಅದೇ ನಿಮ್ಮ ಮೈಲೇಜ್. ಹಳೆಯ ಡೈರಿಯ ಲೆಕ್ಕ ಇದ್ದರೆ ಅದನ್ನೂ ಮತ್ತೆ ಮಾಡಿ. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್, ಎಥನಾಲಿಗೆ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ. ಹಾಗಾಗಿ ಬೆರಕೆ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಲೀಟರಿಗೆ ಶೇಕಡಾ 6-7 ಶಕ್ತಿ ಕಡಿಮೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೀಗೆ ಕೆಟ್ಟ ಲೆಕ್ಕವನ್ನೇ ಹಿಡಿಯಲು ಇನ್ನೊಂದು ಕಾರಣ ಇದೆ. ಮ್ಯಾಪಿನಲ್ಲಿ ಇರುವ ದೂರ ಮಳೆಗಾಲದಲ್ಲಿ ನಿಜವಾಗಿ ಓಡಿಸುವ ದೂರ ಅಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಅಂಕೋಲಾದಿಂದ ಕುಮಟಾ ಎನ್ನುವ ಚಿಕ್ಕ ದಾರಿ ಕೂಡ ಘಟ್ಟ ಹತ್ತಿ ಇಳಿಯುವ ದಾರಿ ಆಗಿಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅರ್ಧ ಟ್ಯಾಂಕನ್ನೇ ಖಾಲಿ ಎಂದು ಲೆಕ್ಕ ಹಾಕುತ್ತೇನೆ. ಬೇಸಿಗೆಯಲ್ಲಿ ಕರಾವಳಿ ಹೆದ್ದಾರಿಯಲ್ಲೇ ಓಡಾಟ ಇದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಭಟ್ಕಳದಿಂದ ಕಾರವಾರದವರೆಗೆ ಊರಿಂದ ಊರಿಗೆ ಬಂಕ್ ಸಿಗುತ್ತದೆ. ಕಾರವಾರದವರು ಹೇಗೂ ಅಗ್ಗ ಎಂದು ಗಡಿಯ ಮಾಜಾಳಿ ದಾಟಿ ಗೋವಾದಲ್ಲಿ ಫುಲ್ ಮಾಡಿಸುತ್ತಾರೆ. ಕದ್ರಾ ಮೇಲೆ ಅಣಶಿ ಘಟ್ಟ ಹತ್ತಿ ಜೋಯಿಡಾ ಕಡೆ ಹೋಗುವವರು ಮಾತ್ರ ಕಾರವಾರ ಬಿಡುವ ಮೊದಲೇ ತುಂಬಿಸಿ. ಅದು ಕಾಳಿ ಹುಲಿ ಸಂರಕ್ಷಿತ ಕಾಡು, ಫೋನ್ ಮಾಡಿ ಯಾರನ್ನಾದರೂ ಕರೆಯೋಣ ಅಂದರೆ ಸಿಗ್ನಲ್ಲೂ ಸಿಗದ ಜಾಗ ಬೇಕಾದಷ್ಟಿದೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯೂ ಸುಮಾರು 60 ಕಿಲೋಮೀಟರ್, ಬಹುಪಾಲು ಕಾಡು.

ಬಾಟಲಿ ವಿಷಯ. ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡ ಮಾರಾಯ್ರೆ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಆದರೆ ಗಟ್ಟಿ ಮುಚ್ಚಳದ ಲೋಹದ ಡಬ್ಬಿ, ಅಥವಾ ಒಂದು ಲೀಟರ್ ಮೀರದ ಗಾಜು, ಪಿಂಗಾಣಿ ಎಂದು ಹೇಳಿದೆ. ಬೈಕಿಗೆ ಗಾಜೂ ಬೇಡ. ಒಳ್ಳೆಯ ಲೋಹದ ಕ್ಯಾನ್ ಒಂದೂವರೆ ಎರಡು ಲೀಟರಿನದು ಸಾಕು, ಪೂರ್ತಿ ತುಂಬಬೇಡಿ, ಸೈಲೆನ್ಸರ್ ಇಲ್ಲದ ಕಡೆ ನೆಟ್ಟಗೆ ಕಟ್ಟಿ. ಕ್ಯಾನೂ ಇಲ್ಲ, ಗಾಡಿ ನಿಂತೇಹೋಯಿತು ಅಂದರೆ ಕೊನೆಯ ಉಪಾಯ ಒಂದಿದೆ. ಆಗಲೇ ಹೇಳಿದ ಎರಡು ಹೊಂಡದಲ್ಲಿ ಪಂಪ್ ಇಲ್ಲದ ಕಡೆ ಸ್ವಲ್ಪ ಪೆಟ್ರೋಲ್ ಸಿಕ್ಕಿಕೊಂಡಿರಬಹುದು. ಗಾಡಿಯನ್ನು ಪಂಪ್ ಇರುವ ಕಡೆಗೆ ಚೆನ್ನಾಗಿ ವಾಲಿಸಿ ಮತ್ತೆ ನೆಟ್ಟಗೆ ಮಾಡಿ. ಅದೃಷ್ಟ ಇದ್ದರೆ ಕೆಲವು ಕಿಲೋಮೀಟರ್ ಸಿಗುತ್ತದೆ. ಲಗೇಜ್ ಇಳಿಸಿಯೇ ವಾಲಿಸಿ, ಇಲ್ಲದಿದ್ದರೆ ಗಾಡಿ ನಿಮ್ಮ ಮೇಲೆ.

ಇಷ್ಟೆಲ್ಲ ಮಾಡಿಯೂ ಗೇಜ್ ಹಾರಾಡಿದರೆ ಆಗ ರಿಪೇರಿ. ಆಗಲೂ ಮೀಟರ್ ಕೊನೆಗೆ. ಮೊದಲು ಟ್ಯಾಂಕ್ ಕೆಳಗಿನ ಕನೆಕ್ಟರ್ ಬಿಚ್ಚಿ ನೋಡಿಸಿ. ನಮ್ಮ ಕಡಲ ಗಾಳಿಗೆ ಅದರ ಪಿನ್ನುಗಳು ಹಸಿರು ಹಿಡಿದಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬಿಗಿ ಮಾಡಿದರೆ ಎಷ್ಟೋ ಗಾಡಿ ಅಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಫ್ಲೋಟ್ ಯೂನಿಟ್ ಹೊರತೆಗೆದು, ತೋಳನ್ನು ಮೇಲಿಂದ ಕೆಳಗೆ ನಿಧಾನ ಸರಿಸುತ್ತಾ ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು. ಸಲೀಸಾಗಿ ಏರಿಳಿಯಬೇಕು. ನಡುವೆ ಎಲ್ಲೋ ಹಾರಿದರೆ ಪಟ್ಟಿ ಸವೆದಿದೆ. ಯಾವಾಗಲೂ ಖಾಲಿ ಎಂದೇ ತೋರಿಸಿದರೆ ಫ್ಲೋಟ್ ಒಳಗೆ ಪೆಟ್ರೋಲ್ ಹೊಕ್ಕು ಮುಳುಗಿರಬಹುದು, ಕಿವಿ ಹತ್ತಿರ ಹಿಡಿದು ಅಲುಗಿಸಿದರೆ ಸದ್ದು ಕೇಳುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ. ಪಂಪ್ ಜೊತೆ ಬರುವ ಯೂನಿಟ್ ಆದರೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಬೇಕು, ಹಳೆಯದನ್ನೇ ಹಾಕಿದರೆ ಟ್ಯಾಂಕ್ ತೊಟ್ಟಿಕ್ಕುತ್ತದೆ. ವಾರಂಟಿ ಇದ್ದರೆ ನಿಮ್ಮ ಬಿಲ್ ಮತ್ತು ಟ್ರಿಪ್ ಲೆಕ್ಕ ತೆಗೆದುಕೊಂಡು ಹೋಗಿ. ಬರೀ ಬಾಯಲ್ಲಿ ಹೇಳಿದರೆ "ಎಲ್ಲಾ ಗಾಡಿಯೂ ಹೀಗೇ" ಅಂತಾರೆ, ಅದೇ ದೀಪಕ್ಕೆ ಒಮ್ಮೆ 9 ಲೀಟರ್ ಒಮ್ಮೆ 13 ಲೀಟರ್ ಹಿಡಿಸಿದ ಬಿಲ್ ತೋರಿಸಿದರೆ ಹಾಗೆ ಹೇಳುವುದು ಕಷ್ಟ.

ಟ್ಯಾಂಕ್ ಮುಚ್ಚಳದ ಸುತ್ತ ನೀರು ಹೋಗಲು ಒಂದು ಸಣ್ಣ ತೂತು ಇರುತ್ತದೆ, ಮಳೆಗಾಲದ ಮೊದಲು ಅದನ್ನೂ ಒಮ್ಮೆ ನೋಡಿಕೊಳ್ಳಿ. ಕೆಸರು ಕಟ್ಟಿದರೆ ನಿಂತ ನೀರು ಮುಚ್ಚಳ ತೆಗೆದಾಗ ಸೀದಾ ಒಳಗೆ. ಎಥನಾಲ್ ಇರುವ ಪೆಟ್ರೋಲ್ ಆ ನೀರನ್ನು ಮೊದಲು ಕುಡಿಯುತ್ತದೆ, ಜಾಸ್ತಿ ಆದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಪಂಪ್ ಇರುವುದೂ ತಳದಲ್ಲೇ ಅಲ್ವಾ. ನಿಮ್ಮ ಮುಂದಿನ ಎರಡು ಬಿಲ್ ಆದ ಮೇಲೆ ಲೆಕ್ಕ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.