ಬೆಳೆಗಾರರ ಸಭೆಯಲ್ಲಿ ಹತ್ತು ನಿಮಿಷ ನಗಿಸಬೇಕು, ಜೋಕ್ ಹೇಗೆ ಬರೆಯಲಿ?

ಸಕಲೇಶಪುರದ ಕಾಫಿ ಬೆಳೆಗಾರರ ಸಭೆಯಲ್ಲಿ ಹಾಸ್ಯ ಮಾಡಬೇಕು, ವಾಟ್ಸಾಪ್ ಜೋಕ್ ಬಿಟ್ಟರೆ ಬೇರೇನೂ ಕೈಯಲ್ಲಿಲ್ಲ ಅಂತ ಕೇಳಿದ್ದೀರಿ. ಮೊದಲು ಆ ಜೋಕ್‌ಗಳನ್ನು ಬಿಟ್ಟುಬಿಡಿ. ಎದುರಿಗೆ ಕೂತವರು ಅವನ್ನು ಆಗಲೇ ಓದಿರುತ್ತಾರೆ. ನಾನು ಹಾಸನ, ಚಿಕ್ಕಮಗಳೂರು ಕಡೆ ಕಾರ್ಯಕ್ರಮಗಳಿಗೆ ನಿರೂಪಣೆ ಮಾಡುತ್ತೇನೆ, ಹಾಸ್ಯ ಬರೆದುಕೊಡುತ್ತೇನೆ. ಜನ ಹೊಟ್ಟೆ ಹಿಡಿದು ನಗುವುದು ತಮ್ಮ ಮನೆಯದೇ ಮಾತು ವೇದಿಕೆ ಮೇಲೆ ಕೇಳಿದಾಗ.

ಬೆಳೆಗಾರರ ಮನೆ ಮಾತು ಅಂದರೆ ಮಳೆ, ಅಲ್ವಾ? ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಸರಿಯಾಗಿ ಬೀಳದಿದ್ದರೆ ಫಸಲಿಗೇ ಪೆಟ್ಟು. ಅದಕ್ಕೇ ಮಳೆ ಬಂದ ಮರುದಿನ ಫೋನ್ ಎತ್ತಿದರೆ ಇಂಚು, ಸೆಂಟಿನ ಲೆಕ್ಕವೇ ಮೊದಲು (ಸೆಂಟು ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು). ಈ ಲೆಕ್ಕವನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ತಂದು ನೋಡಿ. ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

"ಹೆಣ್ಣು ನೋಡಲು ಬಂದ ಹುಡುಗನ ಅಪ್ಪ, ನಿಮ್ಮಲ್ಲಿ ಹೂಮಳೆ ಎಷ್ಟಿಂಚಾಯ್ತು ಅಂತ ಹುಡುಗಿಯನ್ನು ಕೇಳಿದರು."

ವಿಷಯ ಚೆನ್ನಾಗಿದೆ, ನಗು ಬರಲ್ಲ. ನಗಿಸಬೇಕಾದ ಮಾತು ನಡುವೆಯೇ ಬಂದುಹೋಯಿತು. ಜನ ನಗಲು ಬಾಯಿ ತೆರೆಯುವ ಹೊತ್ತಿಗೆ "ಅಂತ ಕೇಳಿದರು" ಅಂತ ನಾವಿನ್ನೂ ಮಾತಾಡುತ್ತಲೇ ಇರುತ್ತೇವೆ. ಯಾರು ಯಾರನ್ನು ಕೇಳಿದರು ಅನ್ನುವುದನ್ನೆಲ್ಲ ಮೊದಲೇ ಮುಗಿಸಿ, ಆ ಮಾತನ್ನು ಕೊನೆಗೆ ಉಳಿಸಿಕೊಳ್ಳಿ:

"ಉಪ್ಪಿಟ್ಟು ಆಯ್ತು, ಕಾಫಿ ಆಯ್ತು. ಹುಡುಗಿ ಬಂದು ಕೂತಳು. ಹುಡುಗನ ಅಪ್ಪ ಕನ್ನಡಕ ಸರಿ ಮಾಡಿಕೊಂಡರು. ಏನಮ್ಮಾ... ನಿಮ್ಮಲ್ಲಿ ಹೂಮಳೆ ಎಷ್ಟಿಂಚಾಯ್ತು?"

"ಏನಮ್ಮಾ" ಆದ ಮೇಲೆ ಒಂದು ಉಸಿರು ನಿಲ್ಲಿ. ಓದಿನ ಬಗ್ಗೆ ಕೇಳ್ತಾರೋ, ಹಾಡು ಅಂತಾರೋ ಅಂತ ಜನ ಮನಸ್ಸಲ್ಲೇ ಮುಂದೆ ಓಡಲಿ. ನಗು ಶುರುವಾದರೆ ಮಾತಾಡಬೇಡಿ. ಅದು ಏರಿ, ಇಳಿಯುವುದಕ್ಕೆ ಶುರುವಾದಾಗ ಮುಂದಿನ ಸಾಲು ಬಿಡಿ: "ಹುಡುಗಿ ತಲೆ ಎತ್ತಲಿಲ್ಲ. ಒಂದು ಇಂಚು ಇಪ್ಪತ್ತು ಸೆಂಟು... ಮಾವ." ಮದುವೆ ಅಲ್ಲೇ ನಿಶ್ಚಯ ಆಯಿತಲ್ಲ, ಎರಡನೇ ನಗು ಮೊದಲನೆಯದಕ್ಕಿಂತ ಜೋರಾಗಿರುತ್ತದೆ.

ಇದನ್ನೇ ಅರಸೀಕೆರೆಗೆ ಒಯ್ದರೆ ನಡೆಯಲ್ಲ. ಅದು ತೆಂಗಿನ ಸೀಮೆ. ಅಲ್ಲಿ ಮಾವ ಕೊಬ್ಬರಿ ರೇಟು ಕೇಳಬೇಕು. ಒಂದೇ ಜಿಲ್ಲೆಯಾದರೂ ಜನರ ಚಿಂತೆ ಬೇರೆ. ಸಭೆಗೆ ಮೊದಲು ಇಬ್ಬರು ಬೆಳೆಗಾರರ ಜೊತೆ ಸುಮ್ನೆ ಕೂತು ಕಾಫಿ ಕುಡಿಯಿರಿ. ಈ ವರ್ಷ ಅವರನ್ನು ಏನು ಕಾಡುತ್ತಿದೆ ಕೇಳಿ.

ನಮ್ಮ ಸೀಮೆಯಲ್ಲಿ ಇದಕ್ಕೆ ದೊಡ್ಡ ಮೇಲ್ಪಂಕ್ತಿ ಇದೆ. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹಾಸ್ಯಕ್ಕಾಗಿ ದೂರ ಹೋಗಲಿಲ್ಲ, ಹೇಮಾವತಿ ದಂಡೆಯ ತಮ್ಮ ಹಳ್ಳಿಯವರನ್ನೇ ಪ್ರೀತಿಯಿಂದ ಬರೆದರು. ಹೇಳುವ ಧಾಟಿಗೆ ಹಿರೇಮಗಳೂರು ಕಣ್ಣನ್ ಅವರ ಮಾತು ಕೇಳಿ. ಚಿಕ್ಕಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಕನ್ನಡದಲ್ಲೇ ಪೂಜೆ ಮಾಡುವ ಅರ್ಚಕರು ಅವರು. ಎಲ್ಲಿ ನಿಲ್ಲಿಸುತ್ತಾರೆ, ಅದನ್ನು ಗಮನಿಸಿ.

ಮೈಬಣ್ಣ, ಜಾತಿ, ಹೆಂಡತಿ ಕಾಟದ ಜೋಕ್ ಖಂಡಿತ ಬೇಡ. ಒಬ್ಬರು ತಲೆ ತಗ್ಗಿಸುವಂತಾದರೆ ಉಳಿದವರ ನಗು ಯಾಕೆ ಬೇಕು ಹೇಳಿ? ತೋಟದ ಕೂಲಿಯವರ ಮೇಲೂ ಬೇಡ, ಅವರು ಆ ಸಭೆಯಲ್ಲಿ ಉತ್ತರ ಕೊಡಲು ಇರುವುದಿಲ್ಲ.

ಇನ್ನು, ಊಟಕ್ಕೆ ಮುಂಚಿನ ಕೊನೆಯ ಸರದಿ ಕೊಟ್ಟರೆ ಒಪ್ಪಬೇಡಿ. ಸ್ವಾಗತ ಭಾಷಣ ಮುಗಿದ ಕೂಡಲೇ ಕೇಳಿಕೊಳ್ಳಿ. ಶಾಮಿಯಾನದಲ್ಲಾದರೆ ಹಿಂದೆ ಚೆದುರಿ ಕೂತವರನ್ನು ಮುಂದಕ್ಕೆ ಕರೆಸಿ. ಪಕ್ಕದವರು ನಕ್ಕರೆ ತಾನೇ ನಾವೂ ನಗುವುದು.