ಜೇಮ್ಸ್ ಬೂನ್ ಸಾವು: ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಕೆಂಟಕಿಗೆ ದಾರಿ ಕಡಿದ ಡೇನಿಯಲ್ ಬೂನ್ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಕೇಳಿದ್ದೀರಿ: ‘ಅವನ ಮಗನನ್ನು ಹಿಂಸಿಸಿ ಕೊಂದವರನ್ನು ಕ್ರೂರಿಗಳು ಅಂತ ಯಾಕೆ ಕರೆಯಲಿಲ್ಲ?’

ಆ ಕೆಲಸ ಕ್ರೂರವೇ, ಅದರಲ್ಲಿ ಎರಡು ಮಾತಿಲ್ಲ. ಜೇಮ್ಸ್ ಹುಟ್ಟಿದ್ದು 1757ರಲ್ಲಿ. ಬೂನ್ ದಂಪತಿಯ ಹಿರಿಯ ಮಗ. ಚಿಕ್ಕಂದಿನಲ್ಲೇ ಅಪ್ಪನ ಜೊತೆ ಬೇಟೆಗೆ ಹೋಗುತ್ತಿದ್ದ. ಚಳಿ ಜಾಸ್ತಿಯಾದರೆ ಅಪ್ಪ ಅವನನ್ನು ತನ್ನ ಕೋಟಿನೊಳಗೇ ಸೇರಿಸಿಕೊಳ್ಳುತ್ತಿದ್ದನಂತೆ.

1773ರ ಸೆಪ್ಟೆಂಬರ್‌ನಲ್ಲಿ ಬೂನ್ ಹೆಂಡತಿ ಮಕ್ಕಳನ್ನೂ ನೆರೆಹೊರೆಯವರನ್ನೂ ಕರೆದುಕೊಂಡು ಉತ್ತರ ಕೆರೊಲಿನಾದಿಂದ ಕೆಂಟಕಿಗೆ ಹೊರಟ. ನಡುದಾರಿಯಲ್ಲಿ ಹಿಟ್ಟು, ಸಲಕರಣೆ ತರಲು ಜೇಮ್ಸ್‌ನನ್ನು ಹಿಂದಕ್ಕೆ ಕಳಿಸಿದ. ಸಾಮಾನು ಹೇರಿಕೊಂಡು ಮರಳುವಾಗ ಕತ್ತಲಾಯಿತು. ಅಪ್ಪನ ಬಿಡಾರ ಕೆಲವೇ ಮೈಲಿ ದೂರವಿತ್ತು. ಆದರೂ ಜೇಮ್ಸ್‌ನ ಗುಂಪು ಅಲ್ಲೇ ತಂಗಿತು. ಅಕ್ಟೋಬರ್ 10ರ ಬೆಳಗಿನ ಜಾವ ಡೆಲವೇರ್, ಶಾವ್ನಿ, ಚೆರೊಕೀ ಎಂಬ ಮೂಲನಿವಾಸಿ ಬುಡಕಟ್ಟುಗಳ ಜನರ ತಂಡವೊಂದು ಮೇಲೆ ಬಿತ್ತು. ಜೇಮ್ಸ್‌ಗೂ ಅವನ ಓರಗೆಯ ಹೆನ್ರಿ ರಸೆಲ್‌ಗೂ ಸೊಂಟಕ್ಕೆ ಗುಂಡು ತಗುಲಿ ಏಳಲಾಗಲಿಲ್ಲ. ಆಮೇಲೆ ಚಾಕುವಿನಿಂದ ಇರಿದರು. ಇರಿದವರಲ್ಲಿ ಬಿಗ್ ಜಿಮ್ ಎಂಬ ಶಾವ್ನಿಯವನು ಹಿಂದೆ ಬೂನ್ ಮನೆಗೆ ಬಂದುಹೋಗಿದ್ದವನು. ಜೇಮ್ಸ್ ಅವನ ಗುರುತು ಹಿಡಿದು, ಹೆಸರು ಕರೆದು ಬೇಡಿಕೊಂಡ. ತಾಯಿ ರೆಬೆಕಾ ಶವಕ್ಕೆ ಸುತ್ತಲು ನಾರುಬಟ್ಟೆಯ ಹೊದಿಕೆ ಕಳಿಸಿದಳು.

ದಾಳಿಯ ಈ ವಿವರ ನಮಗೆ ತಿಳಿದದ್ದು ಆ್ಯಡಮ್‌ನಿಂದ. ಅವನು ರಸೆಲ್ ಮನೆಯ ಗುಲಾಮ. ಹೊಳೆದಂಡೆಯ ಮರದ ರಾಶಿಯಲ್ಲಿ ಅಡಗಿ ಎಲ್ಲ ನೋಡಿದ್ದ. ಚಾರ್ಲ್ಸ್ ಎಂಬ ಇನ್ನೊಬ್ಬ ಗುಲಾಮನನ್ನು ಅವರು ಎಳೆದೊಯ್ದು ಕೊಂದರು. ಇವರಿಬ್ಬರೂ ಹೊಸ ನೆಲ ಬೇಕೆಂದು ಹೊರಟವರಲ್ಲ. ಜೇಮ್ಸ್‌ಗಾಗಿ ಮರುಗುವಾಗ ಚಾರ್ಲ್ಸ್‌ನನ್ನು ಮರೆಯುವುದು ಸರಿಯಲ್ಲ, ಅಲ್ವಾ?

ಇನ್ನು ಕಾರಣ. ಅಪಲೇಚಿಯನ್ ಬೆಟ್ಟಸಾಲಿನ ಆಚೆ, ಅಂದರೆ ಕೆಂಟಕಿಯ ಕಡೆ, ನೆಲೆಸಬಾರದು ಅಂತ ಬ್ರಿಟಿಷ್ ದೊರೆಯೇ 1763ರಲ್ಲಿ ಆಜ್ಞೆ ಹೊರಡಿಸಿದ್ದ. 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಕೆಂಟಕಿಯ ಹಕ್ಕನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟವರು ಇರೊಕ್ವಾಯ್ ಎಂಬ ಬೇರೆ ಮೂಲನಿವಾಸಿ ಜನ. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾವ್ನಿಗಳು ಅದಕ್ಕೆ ಒಪ್ಪಿರಲೇ ಇಲ್ಲ. ಅವರ ಕಣ್ಣಿಗೆ ಬೂನ್ ತನ್ನದಲ್ಲದ ನೆಲಕ್ಕೆ ಸಂಸಾರ ಸಮೇತ ಬರುತ್ತಿದ್ದವನು. ಬರೀ ‘ಕ್ರೂರಿಗಳು’ ಅಂತ ಬರೆದರೆ ಈ ಮಾತೆಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಬರೆಯಲಿಲ್ಲ.

ಆ ಸಾವಿನಿಂದ ಹೆದರಿ ಜನ ಹಿಂದಿರುಗಿದರು. 1774ರಲ್ಲಿ ಶಾವ್ನಿಗಳ ಮೇಲೆ ಬ್ರಿಟಿಷ್ ವಸಾಹತು ವರ್ಜೀನಿಯಾ ಯುದ್ಧಕ್ಕೇ ಹೋಯಿತು. 1775ರಲ್ಲಿ ಬೂನ್ ಮತ್ತೆ ಹೊರಟು ದಾರಿ ಕಡಿದ. 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಇನ್ನೊಬ್ಬ ಮಗ ಇಸ್ರೇಲ್‌ನನ್ನೂ ಕಳೆದುಕೊಂಡ.

ಶಾವ್ನಿಗಳ ಕಡೆಯಿಂದ ಇದೇ ವರ್ಷಗಳನ್ನು ನೋಡುವ ಲೇಖನವನ್ನೂ ಪ್ರಕಟಿಸುತ್ತೇವೆ. ಓದಿ ಮತ್ತೆ ಬರೆಯಿರಿ.

– ಸಂಪಾದಕ